ನಮೀಬಿಯಾ ಯುರೇನಿಯಂ ಜಂಟಿ ಉದ್ಯಮ: 51% ಪಾಲು ಬಿಟ್ಟುಕೊಡುವ ಕರಡಿನಲ್ಲಿ ಏನೇನು ನೋಡಬೇಕು?

ಪ್ರಶ್ನೆ: ಎರೊಂಗೊ_ಕಡತ

ಎಲ್ಲರಿಗೂ ನಮಸ್ಕಾರ. ನಮೀಬಿಯಾದ ಎರೊಂಗೊ ಪ್ರಾಂತ್ಯದ ಒಂದು ಯುರೇನಿಯಂ ಅನ್ವೇಷಣಾ ಪರವಾನಗಿಯ ಮೇಲೆ ಜಂಟಿ ಉದ್ಯಮ ಮಾಡಿಕೊಳ್ಳುವ ಕರಡು ಪರಿಶೀಲನೆಗೆ ಬಂದಿದೆ. ಹೆಸರುಗಳನ್ನು ಹೇಳುವಂತಿಲ್ಲ, ಹಾಗಾಗಿ ಅ, ಬ, ಕ ಅಂತ ಇಟ್ಟುಕೊಳ್ಳೋಣ.

ಪರವಾನಗಿ ಇರುವುದು 'ಅ' ಕಂಪನಿಯ ಹತ್ತಿರ. 'ಬ' ಹೊರದೇಶದ ಹೂಡಿಕೆದಾರ, 4 ವರ್ಷದಲ್ಲಿ 60 ಲಕ್ಷ ಅಮೆರಿಕನ್ ಡಾಲರ್ ಖರ್ಚು ಮಾಡಿದರೆ ಅವರಿಗೆ 51% ಪಾಲು. 'ಕ' ಸ್ಥಳೀಯ ಪಾಲುದಾರರು, 10%, ಕಾರ್ಯಸಾಧ್ಯತಾ ವರದಿ ಮುಗಿಯುವವರೆಗೆ ಅವರು ಹಣ ಹಾಕಬೇಕಿಲ್ಲ. ಉಳಿದ 39% 'ಅ'ಗೆ. ಪರವಾನಗಿಯ ಅವಧಿ ಇನ್ನು 19 ತಿಂಗಳು ಬಾಕಿ ಇದೆ.

ನಿಕ್ಷೇಪ ಹಳೆಯ ನದೀಪಾತ್ರದ ಕ್ಯಾಲ್‌ಕ್ರೀಟ್‌ನಲ್ಲಿದೆ (ಸುಣ್ಣದಿಂದ ಬೆಸೆದ ಮರಳು-ಜಲ್ಲಿ). ವರದಿಯ ಪ್ರಕಾರ 4 ಕೋಟಿ ಟನ್ ಅದಿರು, ಸರಾಸರಿ ಗ್ರೇಡ್ (ಅದಿರಿನಲ್ಲಿ ಯುರೇನಿಯಂ ಆಕ್ಸೈಡ್‌ನ ಪ್ರಮಾಣ) 220 ಪಿಪಿಎಂ ಇಯು₃ಓ₈, ಅಂದರೆ ಟನ್ನಿಗೆ 220 ಗ್ರಾಂ. ಬಹುಪಾಲು ಆರ್‌ಸಿ ಕೊರೆತ (ಗಾಳಿಯ ಒತ್ತಡದಿಂದ ಕಲ್ಲಿನ ಪುಡಿಯನ್ನು ಮೇಲೆ ತರುವ ವಿಧಾನ), ಗ್ರೇಡ್ ಎಲ್ಲಾ ಗಾಮಾ ಪ್ರೋಬ್‌ನಿಂದ (ರಂಧ್ರಕ್ಕೆ ಇಳಿಸಿ ಗಾಮಾ ಕಿರಣ ಎಣಿಸುವ ಸಾಧನ) ಬಂದದ್ದು. ಲ್ಯಾಬ್‌ಗೆ ಹೋದ ಮಾದರಿಗಳು ಕೆಲವೇ, ಅವುಗಳಲ್ಲಿ ಸಂಖ್ಯೆ ಕಡಿಮೆ ಬಂದಿದೆ (ಸರಾಸರಿ 165 ಹತ್ತಿರ). ಪರವಾನಗಿಯ ಪೂರ್ವದ ಅಂಚಿನಲ್ಲಿ ಅಲಸ್ಕೈಟ್ (ಗ್ರಾನೈಟ್ ಬಗೆಯ ಕಲ್ಲು) ಗುರಿಯೂ ಇದೆ, ಅಲ್ಲಿ ಇನ್ನೂ ಕೊರೆದಿಲ್ಲ.

ಕೇಳಬೇಕಾದದ್ದು ಇಷ್ಟು: 220 ನಂಬಬಹುದಾ? 51-39-10 ಹಂಚಿಕೆಯಲ್ಲಿ 'ಅ'ಗೆ ಮುಂದೆ ಎಲ್ಲಿ ಪೆಟ್ಟು ಬೀಳುತ್ತದೆ? ಕರಡಿನಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಅಂಶಗಳು ಯಾವುವು?

---

ಉತ್ತರ 1: ಗಾಮಾಲಾಗ್

ಹಂಚಿಕೆಯ ಮಾತು ಆಮೇಲೆ. ಮೊದಲು ಆ 220 ಏನು ಅಂತ ನೋಡಬೇಕು, ಏಕೆಂದರೆ ಮಿಕ್ಕಿದ್ದೆಲ್ಲಾ ಅದರ ಮೇಲೆ ನಿಂತಿದೆ.

ಯು₃ಓ₈ ಮುಂದೆ ಇರುವ 'ಇ' ಅಂದರೆ 'ಸಮಾನ'. ಪ್ರೋಬ್ ಯುರೇನಿಯಂ ಅನ್ನು ನೇರವಾಗಿ ಅಳೆಯುವುದಿಲ್ಲ. ಯುರೇನಿಯಂ ಕ್ಷಯಿಸುತ್ತಾ ಹೋದ ಸರಪಳಿಯಲ್ಲಿ ಬಹಳ ಕೆಳಗೆ ಬರುವ ಬಿಸ್ಮತ್-214 ಮತ್ತು ಸೀಸ-214 ಬಿಡುವ ಗಾಮಾ ಕಿರಣಗಳನ್ನು ಎಣಿಸಿ, ಇಷ್ಟು ಮಕ್ಕಳಿದ್ದರೆ ತಾಯಿ ಇಷ್ಟಿರಬೇಕು ಅಂತ ಲೆಕ್ಕ ಹಾಕುತ್ತದೆ. ಸರಪಳಿ ಸಮತೋಲದಲ್ಲಿದ್ದರೆ ಮಾತ್ರ ಈ ಲೆಕ್ಕ ಸರಿ. ಸಮತೋಲಕ್ಕೆ ಬರಲು ಹತ್ತು ಲಕ್ಷ ವರ್ಷದ ಮೇಲೆ ಬೇಕು. ನಡುವೆ ಇರುವ ಥೋರಿಯಂ-230 ಒಂದರ ಅರ್ಧಾಯುಷ್ಯವೇ ಸುಮಾರು 75,000 ವರ್ಷ. ಕ್ಯಾಲ್‌ಕ್ರೀಟ್ ನಿಕ್ಷೇಪಗಳು ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯವು, ಮೇಲಾಗಿ ಅಂತರ್ಜಲ ಅವುಗಳಲ್ಲಿ ಇಂದಿಗೂ ಓಡಾಡುತ್ತದೆ. ನೀರು ಯುರೇನಿಯಂ ಅನ್ನು ಕರಗಿಸಿ ಒಯ್ದು ರೇಡಿಯಂ ಅನ್ನು ಹಿಂದೆ ಬಿಟ್ಟರೆ ಪ್ರೋಬ್ ಇಲ್ಲದ ಯುರೇನಿಯಂ ತೋರಿಸುತ್ತದೆ. ಯುರೇನಿಯಂ ಈಚೆಗೆ ಬಂದು ಕೂತ ಜಾಗದಲ್ಲಿ ಇದರ ತದ್ವಿರುದ್ಧ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ನಿಮ್ಮ ಸಂಖ್ಯೆಯಲ್ಲೇ ಹೇಳುವುದಾದರೆ: 4 ಕೋಟಿ ಟನ್, 220 ಪಿಪಿಎಂ ಅಂದರೆ 8,800 ಟನ್ ಯು₃ಓ₈, ಸುಮಾರು 1.94 ಕೋಟಿ ಪೌಂಡ್. ಅದೇ 165 ಆದರೆ 6,600 ಟನ್, 1.455 ಕೋಟಿ ಪೌಂಡ್. ಸುಮಾರು 48 ಲಕ್ಷ ಪೌಂಡ್ ಕಾಗದದ ಮೇಲೇ ಕರಗಿತು. ಕಟ್-ಆಫ್ (ಅದಿರು ಅಂತ ಎಣಿಸುವ ಕನಿಷ್ಠ ಗ್ರೇಡ್) 100 ಪಿಪಿಎಂ ಇಟ್ಟಿದ್ದರೆ ನಷ್ಟ ಇನ್ನೂ ಹೆಚ್ಚು: 130ರ ಆಸುಪಾಸಿನಲ್ಲಿದ್ದ ಬ್ಲಾಕ್‌ಗಳು 100ರ ಕೆಳಗೆ ಜಾರಿ ಅದಿರಿನ ಟನ್‌ಗಳೂ ಕಡಿಮೆಯಾಗುತ್ತವೆ.

ಆದರೆ 165 ಬಂದ ತಕ್ಷಣ 'ಅಸಮತೋಲ' ಅಂತ ತೀರ್ಮಾನಿಸಬೇಡಿ. ಆರ್‌ಸಿ ಕೊರೆತದಲ್ಲಿ ಇನ್ನೊಂದು ಕಾರಣವೂ ಅಷ್ಟೇ ಸಾಮಾನ್ಯ. ಕ್ಯಾಲ್‌ಕ್ರೀಟ್‌ನಲ್ಲಿ ಯುರೇನಿಯಂ ಇರುವ ಕಾರ್ನೊಟೈಟ್ ಹಳದಿ ಪುಡಿ, ಮೆತ್ತಗಿನ ಖನಿಜ, ಕಲ್ಲುಕಣಗಳ ಮೇಲೆ ಲೇಪದ ಹಾಗೆ ಕೂತಿರುತ್ತದೆ. ಕೊರೆಯುವಾಗ ಗಾಳಿಯ ಒತ್ತಡಕ್ಕೆ ಸೈಕ್ಲೋನ್‌ನ (ಗಾಳಿಯಿಂದ ಪುಡಿಯನ್ನು ಬೇರ್ಪಡಿಸುವ ಸಾಧನ) ಮೇಲ್ಬಾಯಿಂದ ಧೂಳಾಗಿ ಹೋಗುತ್ತದೆ, ಚೀಲಕ್ಕೆ ಬೀಳುವುದು ಬರಿಯ ಕಲ್ಲು. ಇದನ್ನು ಹಿಡಿಯಲು ತಕ್ಕಡಿ ಸಾಕು. 140 ಮಿ.ಮೀ. ರಂಧ್ರ, ಸಾಂದ್ರತೆ 2.2 ಇದ್ದರೆ ಪ್ರತಿ ಮೀಟರಿಗೆ 34 ಕೆ.ಜಿ. ಹತ್ತಿರ ಬರಬೇಕು. ಕೊರೆತದ ದಾಖಲೆಯಲ್ಲಿ ಚೀಲದ ತೂಕ 24 ಅಂತ ಇದ್ದರೆ 10 ಕೆ.ಜಿ. ಎಲ್ಲಿ ಹೋಯಿತು ಅಂತ ಕೇಳಿ. ಚೀಲದ ತೂಕವನ್ನೇ ಬರೆದಿಡದಿದ್ದರೆ ಆ ಲ್ಯಾಬ್ ಫಲಿತಾಂಶಕ್ಕೆ ಅರ್ಧ ಬೆಲೆ.

ಎರಡು ಕಾರಣಗಳನ್ನು ಬೇರೆ ಮಾಡುವ ದಾರಿ ಇದು. ಲ್ಯಾಬ್‌ನಲ್ಲಿ ಉಳಿದಿರುವ ಅದೇ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ 3ರಿಂದ 4 ವಾರ ಇಡಿಸಿ. ರೇಡಾನ್‌ನ ಅರ್ಧಾಯುಷ್ಯ 3.8 ದಿನ, ಅಷ್ಟರಲ್ಲಿ ಅದು ರೇಡಿಯಂ ಜೊತೆ ಸಮಕ್ಕೆ ಬಂದಿರುತ್ತದೆ. ಆಮೇಲೆ ಆ ಡಬ್ಬಿಯ ಗಾಮಾ ಅಳೆಯಿಸಿ. ಡಬ್ಬಿಯ ಗಾಮಾ ಲೆಕ್ಕ 220 ತೋರಿಸಿ, ರಾಸಾಯನಿಕ ಫಲಿತಾಂಶ 165 ಆಗಿದ್ದರೆ ಅದು ನಿಜವಾದ ಅಸಮತೋಲ, ಗ್ರೇಡ್ ಇಳಿಸಲೇಬೇಕು. ಡಬ್ಬಿಯ ಗಾಮಾ ಕೂಡ 165ರ ಹತ್ತಿರ ಬಂದರೆ ಪುಡಿ ಸಮತೋಲದಲ್ಲೇ ಇದೆ, ಮಾದರಿ ಮಾತ್ರ ಸಣ್ಣಕಣ ಕಳೆದುಕೊಂಡಿದೆ. ಪ್ರೋಬ್ ಹೇಳಿದ್ದೇ ನಿಜಕ್ಕೆ ಹತ್ತಿರ. ಒಂದು ಡಬ್ಬಿಯಿಂದ ಆಗುವ ಕೆಲಸವಲ್ಲ: ಹಳೆಯ ನದೀಪಾತ್ರದ ಕಾಲುವೆಯ ತಲೆ, ನಡು, ಬಾಲ ಮೂರೂ ಕಡೆಯಿಂದ, ಮೇಲಿನ ಪದರ ಮತ್ತು ನೀರಿನ ಮಟ್ಟದ ಕೆಳಗಿನ ಪದರ ಬೇರೆ ಬೇರೆಯಾಗಿ, ಕಡಿಮೆ ಅಂದರೂ 60-80 ಮಾದರಿ ಬೇಕು. ಅಸಮತೋಲ ಒಂದೇ ಕಾಲುವೆಯಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಇಡೀ ನಿಕ್ಷೇಪಕ್ಕೆ ಒಂದೇ ಗುಣಕ ಹಾಕಿದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗುತ್ತದೆ.

ಇದರ ಜೊತೆಗೆ ಈಗಿನ ಆರ್‌ಸಿ ರಂಧ್ರಗಳ ಪಕ್ಕದಲ್ಲೇ, 2-3 ಮೀಟರ್ ದೂರದಲ್ಲಿ, ಐದಾರು ಡೈಮಂಡ್ ಕೊರೆತ (ಕಲ್ಲನ್ನು ಪುಡಿ ಮಾಡದೆ ಕೋಲಿನಂತೆ, ಅಂದರೆ ಕೋರ್ ಆಗಿ, ತೆಗೆಯುವ ವಿಧಾನ) ಮಾಡಿಸಿ. ಪಿಕ್ಯೂ ಅಳತೆಯ ಕೋರ್ ಆದರೆ 85 ಮಿ.ಮೀ. ಸಿಗುತ್ತದೆ. ಅದರಿಂದ ಸಾಂದ್ರತೆ, ರಾಸಾಯನಿಕ ಗ್ರೇಡ್, ಲೀಚ್ (ದ್ರಾವಣದಲ್ಲಿ ಯುರೇನಿಯಂ ಕರಗಿಸಿ ತೆಗೆಯುವ) ಪರೀಕ್ಷೆಗೆ ಕಲ್ಲು, ಮೂರೂ ಒಟ್ಟಿಗೆ ಸಿಗುತ್ತವೆ. ಸಾಂದ್ರತೆಯನ್ನು ಸುಮ್ಮನೆ 2.4 ಅಂತ ಹಿಡಿದಿದ್ದು ನಿಜಕ್ಕೆ 2.2 ಇದ್ದರೆ 8% ಟನ್ ಅಲ್ಲೇ ಹೋಗುತ್ತದೆ.

ಲಾಗಿಂಗ್ ಕಡತದಲ್ಲಿ ನೋಡಬೇಕಾದವು: ಪ್ರೋಬ್‌ನ ಕ್ಯಾಲಿಬ್ರೇಷನ್ ಎಲ್ಲಿ, ಯಾವಾಗ ಆಗಿದೆ (ದಕ್ಷಿಣ ಆಫ್ರಿಕಾದ ಪೆಲಿಂಡಾಬಾದಲ್ಲಿ ಇದಕ್ಕೆಂದೇ ಕಟ್ಟಿದ ಗುಂಡಿಗಳಿವೆ), ದಿನವೂ ಒಂದೇ ಪರೀಕ್ಷಾ ಮೂಲದಲ್ಲಿ ಇಟ್ಟು ನೋಡಿದ ದಾಖಲೆ, ರಾಡ್ ಒಳಗೆ ಇಳಿಸಿದ್ದೋ ತೆರೆದ ರಂಧ್ರದಲ್ಲೋ, ರಾಡ್ ಒಳಗಾದರೆ ಉಕ್ಕಿನ ತಿದ್ದುಪಡಿ ಎಷ್ಟು, ರಂಧ್ರದಲ್ಲಿ ನೀರಿತ್ತಾ, ವಿಂಚ್ ವೇಗ. ಕೆಲವು ರಂಧ್ರಗಳನ್ನಾದರೂ ಕೆಲವು ದಿನ ಬಿಟ್ಟು ಮತ್ತೆ ಲಾಗ್ ಮಾಡಿರಬೇಕು. ಎರಡನೇ ಸಲ ರಂಧ್ರದ ತಳದಲ್ಲಿ ಎಣಿಕೆ ಏರಿದ್ದರೆ ರೇಡಾನ್ ಸೇರಿಕೊಂಡಿದೆ ಎಂದರ್ಥ.

ಪೂರ್ವದ ಅಂಚಿನ ಅಲಸ್ಕೈಟ್‌ನಲ್ಲಿ ಅಸಮತೋಲದ ತಲೆನೋವು ಕಡಿಮೆ, ಆದರೆ ಒಟ್ಟು ಗಾಮಾ ಎಣಿಸುವ ಪ್ರೋಬ್‌ಗೆ ಥೋರಿಯಂ ಮತ್ತು ಯುರೇನಿಯಂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಲ್ಲಿ ಮೊದಲ ಹತ್ತು ರಂಧ್ರಗಳಿಗೆ ಪೂರ್ತಿ ಲ್ಯಾಬ್ ವಿಶ್ಲೇಷಣೆ ಕಡ್ಡಾಯ ಮಾಡಿ.

---

ಉತ್ತರ 2: ಪಾಲುಪತ್ರ

ಗಾಮಾಲಾಗ್ ಸರ್ ಹೇಳಿದ್ದನ್ನೇ ಒಪ್ಪಂದದ ಭಾಷೆಗೆ ತರುತ್ತೇನೆ. ಕರಡಿನಲ್ಲಿ 'ಬ' ಪಾಲು ಗಳಿಸುವುದು 60 ಲಕ್ಷ ಡಾಲರ್ 'ಖರ್ಚು ಮಾಡಿದರೆ'. ಇದೇ ಅದರ ದೊಡ್ಡ ದೌರ್ಬಲ್ಯ. ಹಣ ಸುರಿದು 300 ರಂಧ್ರ ಕೊರೆದು, ಮತ್ತೆ ಗಾಮಾ ಲಾಗ್ ಮಾತ್ರ ಮಾಡಿಸಿದರೂ 51% ಅವರದ್ದೇ. 'ಅ' ಕೈಯಲ್ಲಿ ಉಳಿಯುವುದು ಇದೇ ಅನುಮಾನದ 220. ಹಂತಗಳನ್ನು ಖರ್ಚಿಗಲ್ಲ, ಕೆಲಸದ ಫಲಕ್ಕೆ ಕಟ್ಟಿ.

ಮೊದಲ ಹಂತ 12 ತಿಂಗಳು: ಡೈಮಂಡ್ ಜೋಡಿ ರಂಧ್ರಗಳು, ಮುಚ್ಚಿದ ಡಬ್ಬಿಯ ಪರೀಕ್ಷೆ, ಪ್ರಾಥಮಿಕ ಲೀಚ್ ಪರೀಕ್ಷೆ. ಇದಕ್ಕೊಂದು ಕನಿಷ್ಠ ಮೊತ್ತ, ಅದನ್ನು ಖರ್ಚು ಮಾಡದೆ 'ಬ' ಹೊರಗೆ ಹೋಗುವಂತಿಲ್ಲ, ಈ ಹಂತಕ್ಕೆ ಪಾಲೂ ಇಲ್ಲ. ಎರಡನೇ ಹಂತ ರಾಸಾಯನಿಕ ಗ್ರೇಡ್ ಮೇಲೆ ಕಟ್ಟಿದ, ಜಾರ್ಕ್ ಅಥವಾ ಸಮ್ರೆಕ್ (ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಖನಿಜ ವರದಿ ಸಂಹಿತೆಗಳು) ನಿಯಮದ ಸಂಪನ್ಮೂಲ ವರದಿ, ಅದಕ್ಕೆ 25-30%. ಪೂರ್ವ ಕಾರ್ಯಸಾಧ್ಯತಾ ವರದಿ ಕೈಗೆ ಬಂದಾಗ ಮಾತ್ರ 51%. ನಡುವೆ ಬಿಟ್ಟುಹೋದರೆ ಎಲ್ಲ ದತ್ತಾಂಶ, ಕೋರ್, ಲ್ಯಾಬ್‌ನಲ್ಲಿ ಉಳಿದ ಪುಡಿ ಸಹಿತ 30 ದಿನದಲ್ಲಿ ವಾಪಸ್. ಪುಡಿಯ ಮಾತು ಹೆಚ್ಚಿನ ಕರಡುಗಳಲ್ಲಿ ಇರುವುದಿಲ್ಲ. ಲ್ಯಾಬ್ ಕೆಲವು ತಿಂಗಳ ಮೇಲೆ ಬಿಸಾಡುತ್ತದೆ, ಮತ್ತೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ.

ಹೋಲಿಕೆಗೆ, ಇದೇ ಪ್ರಾಂತ್ಯದ ನೋವಾ ಜಂಟಿ ಉದ್ಯಮದಲ್ಲಿ ಜಪಾನಿನ ಸರ್ಕಾರಿ ಸಂಸ್ಥೆ ಜಾಗ್‌ಮೆಕ್ 4 ವರ್ಷದಲ್ಲಿ 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ಖರ್ಚಿನ ಮೇಲೆ 39.5% ಪಡೆಯಿತು. ಕೆಲಸ ನಡೆಸುವ ಹೊಣೆ ಡೀಪ್ ಯೆಲ್ಲೋ ಕಂಪನಿಯ ಅಂಗಸಂಸ್ಥೆಯ ಹತ್ತಿರವೇ ಉಳಿಯಿತು. ಹಣ ತರುವವರಿಗೇ ಆಪರೇಟರ್ ಸ್ಥಾನ ಕೊಡಬೇಕೆಂಬ ನಿಯಮ ಎಲ್ಲೂ ಇಲ್ಲ.

ಈಗ 'ಅ'ಗೆ ಪೆಟ್ಟು ಬೀಳುವ ಜಾಗ: ಪಾಲು ಕರಗುವ ಷರತ್ತು. ಅರ್ನ್-ಇನ್ (ಖರ್ಚು ಮಾಡಿ ಪಾಲು ಗಳಿಸುವ ಅವಧಿ) ಮುಗಿದ ಮೇಲೆ ಪ್ರತಿ ವರ್ಷದ ಬಜೆಟ್‌ಗೂ ಎಲ್ಲರೂ ಪಾಲಿನ ಪ್ರಕಾರ ಹಣ ಹಾಕಬೇಕು. ಹಾಕದಿದ್ದರೆ ಪಾಲು ಕರಗುತ್ತದೆ. ಸಾಮಾನ್ಯ ಸೂತ್ರದಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ. 'ಬ' 51%ಕ್ಕೆ 60 ಲಕ್ಷ ಹಾಕಿದ್ದರಿಂದ 39%ಕ್ಕೆ 'ಅ' ಹಾಕಿದಂತೆ ಭಾವಿಸುವ ಮೊತ್ತ 45.88 ಲಕ್ಷ. 'ಕ'ಯ 10% ಪಕ್ಕಕ್ಕಿಟ್ಟು ಉಳಿದ 90% ಮಾತ್ರ ಈ ಇಬ್ಬರ ನಡುವೆ ಹಂಚಿಕೆಯಾಗುತ್ತದೆ.

ಮುಂದಿನ ಬಜೆಟ್ 30 ಲಕ್ಷ, 'ಅ' ಹಾಕಲಿಲ್ಲ: 39% ಹೋಗಿ 30.4%.
ಅದರ ಮುಂದಿನದು 2 ಕೋಟಿ, ಹಾಕಲಿಲ್ಲ: 12.3%.
ಇನ್ನೊಂದು 1.5 ಕೋಟಿ, ಹಾಕಲಿಲ್ಲ: 8.5%.

ಕರಡಿನಲ್ಲಿ '10%ಕ್ಕಿಂತ ಕೆಳಗಿಳಿದರೆ ಪಾಲು ರದ್ದಾಗಿ 1% ರಾಯಲ್ಟಿ' ಅನ್ನುವ ಸಾಲು ಇದ್ದೇ ಇರುತ್ತದೆ, ಹುಡುಕಿ ನೋಡಿ. ಮೂರು ಬಜೆಟ್‌ಗೆ ಪರವಾನಗಿಯ ಮೂಲ ಒಡೆಯ ರಾಯಲ್ಟಿದಾರ ಆಗುತ್ತಾನೆ. ಮೊದಲ ಬಜೆಟ್ ತಪ್ಪಿದಾಗ ಹೋದದ್ದು 9% ಮಾತ್ರ, ಕಾರ್ಯಸಾಧ್ಯತಾ ವರದಿಯ ದೊಡ್ಡ ಬಜೆಟ್ ಬಂದ ವರ್ಷವೇ 18% ಹೋಯಿತು, ಗಮನಿಸಿ. ಕೆಲವು ಕರಡುಗಳಲ್ಲಿ ದಂಡದ ಗುಣಕವೂ ಇರುತ್ತದೆ, ಆಗ ಇದು ಎರಡೇ ಬಜೆಟ್‌ನಲ್ಲಿ ಮುಗಿಯುತ್ತದೆ. ರಕ್ಷಣೆ ಬೇಕಾದರೆ: ಒಂದು ವರ್ಷದ ಬಜೆಟ್‌ಗೆ ಮಿತಿ, ಅದನ್ನು ಮೀರಿದರೆ ಸರ್ವಾನುಮತ, ಹಣ ಹಾಕಲು 60 ದಿನ, ಒಮ್ಮೆ ತಪ್ಪಿದ್ದನ್ನು 6 ತಿಂಗಳೊಳಗೆ ಬಡ್ಡಿ ಸಮೇತ ಕಟ್ಟಿ ಪಾಲು ಉಳಿಸಿಕೊಳ್ಳುವ ಅವಕಾಶ.

'ಕ'ಯ 10% ಬಗ್ಗೆ. 'ಕಾರ್ಯಸಾಧ್ಯತಾ ವರದಿವರೆಗೆ ಉಚಿತ' ಅಂತ ಬರೆದು ಅಲ್ಲಿಗೇ ಬಿಟ್ಟರೆ ಸ್ಥಳೀಯ ಪಾಲುದಾರರಿಗೆ ದ್ರೋಹ ಮಾಡಿದಂತೆ. ಗಣಿ ಕಟ್ಟಲು 40 ಕೋಟಿ ಡಾಲರ್ ಬೇಕಾದರೆ ಅವರ ತಲೆಗೆ 4 ಕೋಟಿ ಬರುತ್ತದೆ, ತರಲು ಆಗುವುದಿಲ್ಲ, ಅವರೂ ಕರಗುತ್ತಾರೆ. ಅವರ ಪಾಲಿನ ಬಂಡವಾಳವನ್ನು ಉಳಿದಿಬ್ಬರು ಸಾಲವಾಗಿ ಹಾಕಿ, ಅವರ ಲಾಭಾಂಶದ ಒಂದು ಭಾಗದಿಂದ ಹಿಂದೆ ಪಡೆಯುವಂತೆ ಈಗಲೇ ಬರೆಯಿರಿ, ಬಡ್ಡಿದರ ಸಮೇತ. ಲಾಭಾಂಶವನ್ನೆಲ್ಲಾ ಸಾಲಕ್ಕೇ ಹಿಡಿದುಕೊಂಡರೆ ಅವರು ಹತ್ತು ವರ್ಷ ಒಂದು ಪೈಸೆ ನೋಡುವುದಿಲ್ಲ.

ಪಾಲಿಗಿಂತ ಮತದ ಹಕ್ಕು ಬೇರೆ ಅನ್ನುವುದಕ್ಕೆ ರೋಸಿಂಗ್ ಗಣಿಯೇ ಉದಾಹರಣೆ: ಅಲ್ಲಿ ನಮೀಬಿಯಾ ಸರ್ಕಾರದ ಷೇರು 3%, ಮತದ ಹಕ್ಕು 51%. ಮಲಾವಿಯ ಕಯೆಲೆಕೆರಾದಲ್ಲಿ ಇನ್ನೊಂದು ಬಗೆ: 2007ರ ಒಪ್ಪಂದದಲ್ಲಿ ಸರ್ಕಾರ 15% ಷೇರು ಪಡೆದು, ಬದಲಿಗೆ ಕಂಪನಿ ತೆರಿಗೆಯನ್ನು 30%ರಿಂದ 27.5%ಕ್ಕೂ, ರಾಯಲ್ಟಿಯನ್ನು 5%ರಿಂದ ಮೊದಲ ಮೂರು ವರ್ಷ 1.5%, ಆಮೇಲೆ 3%ಕ್ಕೂ ಇಳಿಸಿತು. ಗಣಿ 2009ರಲ್ಲಿ ಶುರುವಾಗಿ 2014ರಲ್ಲಿ ನಿಂತಿತು. ಲಾಭವೇ ಬರದ ಗಣಿಯಲ್ಲಿ ಷೇರಿನಿಂದ ಏನೂ ಸಿಗುವುದಿಲ್ಲ. ರಾಯಲ್ಟಿಯಾದರೆ ಮಾರಿದ ಪ್ರತಿ ಡ್ರಮ್‌ಗೂ ಬರುತ್ತದೆ. ನಿಮ್ಮ ಕರಡಿನಲ್ಲಿ 'ಕ' ಇದನ್ನು ಯೋಚಿಸಿದ್ದಾರಾ?

ಮರೆತುಹೋಗುವ ಅಂಶ ಕೇಳಿದ್ದೀರಿ. ಎರಡು ಹೇಳುತ್ತೇನೆ.

ಒಂದು, ಗಣಿ ಮಲಗಿದ ವರ್ಷಗಳ ಖರ್ಚು. ಈ ಪ್ರದೇಶದ ಯುರೇನಿಯಂ ಗಣಿಗಳು ಬೆಲೆ ಬಿದ್ದಾಗ ವರ್ಷಗಟ್ಟಲೆ ಮುಚ್ಚಿರುತ್ತವೆ. ಲಾಂಗರ್ ಹೈನ್ರಿಚ್ 2018ರ ಮೇನಲ್ಲಿ ನಿಂತದ್ದು 2024ರ ಮಾರ್ಚ್ ಕೊನೆಯಲ್ಲಿ ಮತ್ತೆ ಉತ್ಪಾದನೆಗೆ ಬಂತು. ಟ್ರೆಕ್ಕೊಪ್ಯೆ ಗಣಿಯನ್ನು ತಡೆಹಿಡಿಯುವುದಾಗಿ 2012ರಲ್ಲೇ ಘೋಷಿಸಲಾಯಿತು. 2007ರಲ್ಲಿ ಪೌಂಡಿಗೆ 130 ಡಾಲರ್ ದಾಟಿದ್ದ ಸ್ಪಾಟ್ ಬೆಲೆ (ತಕ್ಷಣದ ವಹಿವಾಟಿನ ಬೆಲೆ) 2016ರ ಕೊನೆಗೆ 20ರ ಕೆಳಗೆ ಬಂದಿತ್ತು. ಆ ವರ್ಷಗಳಲ್ಲೂ ಕಾವಲು, ಪಂಪು, ಟೇಲಿಂಗ್ಸ್ (ಸಂಸ್ಕರಣೆಯ ತ್ಯಾಜ್ಯ) ಅಣೆಯ ನಿಗಾ, ವಿಕಿರಣ ಅಳತೆ, ಪರವಾನಗಿ ಶುಲ್ಕ ನಡೆಯಬೇಕು. ಆ ಅವಧಿಯ ಕನಿಷ್ಠ ಬಜೆಟ್‌ಗೆ ಹಣ ಹಾಕದವರ ಪಾಲು ಕರಗಬೇಕಾ, ಸಾಲವಾಗಿ ಕೂರಬೇಕಾ? ಸಾಲವಾಗಿಸುವುದೇ ನ್ಯಾಯ.

ಎರಡು, ಪಾಲುದಾರ ದಿವಾಳಿಯಾದರೆ ಏನು. ಲಾಂಗರ್ ಹೈನ್ರಿಚ್‌ನಲ್ಲಿ ಗಣಿಯ ಒಡೆಯನಾದ ಆಸ್ಟ್ರೇಲಿಯಾದ ಪಾಲಾಡಿನ್ ಕಂಪನಿ 2014ರಲ್ಲಿ 25% ಪಾಲನ್ನು ಚೀನಾದ ಸರ್ಕಾರಿ ಪರಮಾಣು ಕಂಪನಿ ಸಿಎನ್‌ಎನ್‌ಸಿಗೆ 19 ಕೋಟಿ ಡಾಲರ್‌ಗೆ ಮಾರಿತು. 2017ರಲ್ಲಿ ಪಾಲಾಡಿನ್ ಸಾಲದ ಇಕ್ಕಟ್ಟಿಗೆ ಸಿಕ್ಕಿ ಆಡಳಿತಾಧಿಕಾರಿಗಳ ಕೈಗೆ ಹೋದಾಗ, ಉಳಿದ 75% ಅನ್ನು ಸ್ವತಂತ್ರ ಮೌಲ್ಯಮಾಪಕರು ಕಟ್ಟಿದ ಬೆಲೆಗೆ ಕೊಳ್ಳುವ ಆಯ್ಕೆ ಷೇರುದಾರರ ಒಪ್ಪಂದದಲ್ಲೇ ಸಿಎನ್‌ಎನ್‌ಸಿಗೆ ಇತ್ತು. ಕೊನೆಗೆ ಪಾಲಾಡಿನ್ ಪುನರ್ರಚನೆಯಾಗಿ 75% ಉಳಿಸಿಕೊಂಡಿತು. ಆದರೆ ಮಾರುಕಟ್ಟೆಯ ತಳದಲ್ಲಿ ಮೌಲ್ಯ ಕಟ್ಟಿಸಿಕೊಳ್ಳುವ ಸ್ಥಿತಿ ಯಾರಿಗೂ ಬೇಡ. ನಿಮ್ಮ ಕರಡಿನ ಡಿಫಾಲ್ಟ್ ಷರತ್ತಿನಲ್ಲಿ ಮೌಲ್ಯಮಾಪನಕ್ಕೆ ಯಾವ ಬೆಲೆ ಹಿಡಿಯುತ್ತಾರೆ, ಆ ದಿನದ ಸ್ಪಾಟ್ ಬೆಲೆಯೋ ದೀರ್ಘಾವಧಿ ಗುತ್ತಿಗೆಯ ಬೆಲೆಯೋ, ಅಂತ ಸ್ಪಷ್ಟ ಬರೆಯಿರಿ.

---

ಎರೊಂಗೊ_ಕಡತ

ಇಬ್ಬರಿಗೂ ಧನ್ಯವಾದ. ಪಾಲು ಕರಗುವ ಲೆಕ್ಕ ಕರಡಿನ ಸೂತ್ರಕ್ಕೆ ಹಾಕಿ ನೋಡಿದೆ, ದಂಡದ ಗುಣಕ 1.5 ಇದೆ. ಅದನ್ನು ತೆಗೆಸುತ್ತೇವೆ. ಚೀಲದ ತೂಕ ಮೊದಲ ಹಂತದ ರಂಧ್ರಗಳಲ್ಲಿ ಬರೆದಿಲ್ಲ, ಎರಡನೇ ಹಂತದಲ್ಲಿ ಇದೆ.

ಇನ್ನೊಂದು ಅನುಮಾನ. 'ಬ'ಯ ಹಣಕಾಸು ಮಾದರಿಯಲ್ಲಿ ಕ್ಯಾಲ್‌ಕ್ರೀಟ್ ಮತ್ತು ಅಲಸ್ಕೈಟ್ ಎರಡನ್ನೂ ಒಂದೇ ಸಂಸ್ಕರಣಾ ಘಟಕಕ್ಕೆ ಹಾಕುವ ಯೋಜನೆ ಇದೆ, ಆಮ್ಲದ ಲೀಚ್. ವೆಚ್ಚ ಉಳಿಯುತ್ತದೆ ಅನ್ನುತ್ತಾರೆ. ಆಗುವ ಮಾತಾ?

---

ಉತ್ತರ 3: ಲೀಚ್‌ಟ್ಯಾಂಕ್

ಆಗುವುದಿಲ್ಲ. ಕಾರಣ ಸರಳ ರಸಾಯನಶಾಸ್ತ್ರ. ಅದಿರಿನಲ್ಲಿ ಪ್ರತಿ 1% ಕ್ಯಾಲ್ಸೈಟ್ ಟನ್ನಿಗೆ 9.8 ಕೆ.ಜಿ. ಸಲ್ಫ್ಯೂರಿಕ್ ಆಮ್ಲ ನುಂಗುತ್ತದೆ. ಕ್ಯಾಲ್‌ಕ್ರೀಟ್ ಅಂದರೇ ಸುಣ್ಣದಿಂದ ಬೆಸೆದ ಮರಳು-ಜಲ್ಲಿ. 20% ಕ್ಯಾಲ್ಸೈಟ್ ಹಿಡಿದರೂ ಟನ್ನಿಗೆ 196 ಕೆ.ಜಿ. ಆಮ್ಲ ಬೇಕು, ಅದರಿಂದ ಸಿಗುವುದು ಗರಿಷ್ಠ 220 ಗ್ರಾಂ ಯು₃ಓ₈, ಅರ್ಧ ಪೌಂಡಿಗೂ ಕಡಿಮೆ. ಇದಕ್ಕೇ ಲಾಂಗರ್ ಹೈನ್ರಿಚ್‌ನಲ್ಲಿ ಬಿಸಿ ಮಾಡಿದ ಸೋಡಿಯಂ ಕಾರ್ಬೊನೇಟ್-ಬೈಕಾರ್ಬೊನೇಟ್ ದ್ರಾವಣ ಬಳಸುವುದು. ಟ್ರೆಕ್ಕೊಪ್ಯೆಯಲ್ಲೂ ಕ್ಷಾರವೇ, ಆದರೆ ರಾಶಿ ಹಾಕಿ. ರೋಸಿಂಗ್, ಹುಸಾಬ್ ಗಣಿಗಳೆರಡೂ ಅಲಸ್ಕೈಟ್, ಅಲ್ಲಿ ಆಮ್ಲ. ಒಂದೇ ಪರವಾನಗಿಯಲ್ಲಿ ಎರಡೂ ಅದಿರು ಇದ್ದರೆ ಎರಡು ಘಟಕ, ಅಥವಾ ಒಂದನ್ನು ಬಿಡಬೇಕು. ಹಣಕಾಸು ಮಾದರಿಯಲ್ಲಿ ಇಂಥ ತಪ್ಪಿದ್ದರೆ ಅದರ ಮಿಕ್ಕ ಸಂಖ್ಯೆಗಳನ್ನೂ ಒಂದೊಂದಾಗಿ ನೋಡಿ.

ಕ್ಷಾರಕ್ಕೂ ಶತ್ರು ಇದೆ: ಜಿಪ್ಸಂ. ಅದು ಸೋಡಾವನ್ನು (ಸೋಡಿಯಂ ಕಾರ್ಬೊನೇಟ್) ತಿಂದು ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಸಲ್ಫೇಟ್ ಮಾಡುತ್ತದೆ. 1% ಜಿಪ್ಸಂ ಇದ್ದರೆ ಟನ್ನಿಗೆ 6.2 ಕೆ.ಜಿ. ಸೋಡಾ ವ್ಯರ್ಥ. ನಮೀಬ್ ಮರುಭೂಮಿಯಲ್ಲಿ ಕಡಲಿನ ಮಂಜು ಮುಟ್ಟುವ ಪಟ್ಟಿಯಲ್ಲಿ ಮೇಲ್ಪದರದಲ್ಲಿ ಜಿಪ್ಸಂ ಹೆಚ್ಚು. ಸಲ್ಫೇಟ್ ದ್ರಾವಣದಲ್ಲಿ ತಿರುಗಿ ತಿರುಗಿ ಸೇರಿಕೊಂಡು, ಅಯಾನು ವಿನಿಮಯ ರೆಸಿನ್ ಮೇಲೆ ಯುರೇನಿಯಂ ಕೂರುವ ಜಾಗವನ್ನು ಆಕ್ರಮಿಸುತ್ತದೆ. ಉಪ್ಪುನೀರು ಬಳಸಿದರೆ ಕ್ಲೋರೈಡ್ ಕೂಡ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಕೊರೆತದ ಪ್ರತಿ ಮೀಟರಿಗೂ ಯುರೇನಿಯಂ ಜೊತೆ ಕ್ಯಾಲ್ಸಿಯಂ, ಗಂಧಕ, ವೆನೇಡಿಯಂ ವಿಶ್ಲೇಷಣೆ ಮಾಡಿಸಿ, ಹೆಚ್ಚಿನ ಖರ್ಚು ಅಷ್ಟೇನಿಲ್ಲ. ಗಂಧಕದ ನಕ್ಷೆ ಇಲ್ಲದ ಕ್ಯಾಲ್‌ಕ್ರೀಟ್ ಸಂಪನ್ಮೂಲ ಅರ್ಧ ಕೆಲಸ. ಕಾರ್ನೊಟೈಟ್‌ನಲ್ಲಿ ವೆನೇಡಿಯಂ ಹೇಗೂ ಇರುತ್ತದೆ. ಅದು ಆದಾಯವೋ ಅಂತಿಮ ಪುಡಿಯನ್ನು ಕೆಡಿಸುವ ಕಲ್ಮಶವೋ ಅನ್ನುವುದು ಘಟಕದ ವಿನ್ಯಾಸದ ಮೇಲೆ ನಿಂತಿದೆ.

ಕ್ಯಾಲ್‌ಕ್ರೀಟ್‌ನ ಒಳ್ಳೆಯ ಗುಣವನ್ನೂ ಹೇಳಬೇಕು. ಕಾರ್ನೊಟೈಟ್ ಸಣ್ಣಕಣದಲ್ಲಿ ಇರುವುದರಿಂದ ಅದಿರನ್ನು ನೀರಿನಲ್ಲಿ ಉಜ್ಜಿ ತೊಳೆದು ದಪ್ಪ ಜಲ್ಲಿಯನ್ನು ಎಸೆಯಬಹುದು, ಲೀಚ್‌ಗೆ ಹೋಗುವ ಭಾಗದ ಗ್ರೇಡ್ ಏರುತ್ತದೆ. ಎಷ್ಟು ಎಸೆಯಬಹುದು ಅನ್ನುವುದು ಪೂರ್ತಿ ಆರ್ಥಿಕತೆಯನ್ನೇ ಬದಲಿಸುತ್ತದೆ, ಆದ್ದರಿಂದ ಪಾಲುಪತ್ರ ಅವರ ಮೊದಲ ಹಂತಕ್ಕೆ ಈ ತೊಳೆಯುವ ಪರೀಕ್ಷೆಯನ್ನೂ ಸೇರಿಸಿ. ಆರ್‌ಸಿ ಪುಡಿಯಲ್ಲಿ ಇದು ಆಗದು, ಕಲ್ಲು ಆಗಲೇ ಒಡೆದುಹೋಗಿರುತ್ತದೆ. ಕೋರ್ ಬೇಕು. ಎಲ್ಲಾ ಕೋರ್ ಕಲಸಿ ಒಂದೇ ಮಿಶ್ರಣ ಮಾಡುವುದೂ ತಪ್ಪು, ಜಿಪ್ಸಂ ಹೆಚ್ಚಿರುವ ಜಾಗ, ಜೇಡಿ ಹೆಚ್ಚಿರುವ ಜಾಗ ಬೇರೆ ಬೇರೆಯಾಗಿಯೇ ಪರೀಕ್ಷೆಗೆ ಹೋಗಬೇಕು. ಜೇಡಿ ಹೆಚ್ಚಾದರೆ ಥಿಕ್ಕನರ್‌ನಲ್ಲಿ (ಕೆಸರಿನಿಂದ ನೀರು ಬೇರ್ಪಡಿಸುವ ತೊಟ್ಟಿ) ನೀರು ಬಿಡುವುದಿಲ್ಲ, ಸೋಡಾ ಟೇಲಿಂಗ್ಸ್ ಜೊತೆ ಹೊರಟುಹೋಗುತ್ತದೆ.

ಅಲಸ್ಕೈಟ್ ಕಡೆ ಕೇಳಬೇಕಾದ ಒಂದೇ ಪ್ರಶ್ನೆ: ಯುರೇನಿಯಂ ಯಾವ ಖನಿಜದಲ್ಲಿದೆ? ರೋಸಿಂಗ್‌ನಲ್ಲಿ ಸುಮಾರು 55% ಯುರಾನಿನೈಟ್, 40% ಎರಡನೇ ಹಂತದ ಖನಿಜಗಳು, 5%ಕ್ಕಿಂತ ಕಡಿಮೆ ಬೀಟಾಫೈಟ್. ಯುರಾನಿನೈಟ್ ಕರಗಲು ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಫೆರಿಕ್ ಕಬ್ಬಿಣದಂಥ ಆಕ್ಸಿಡೀಕಾರಕ ಸಾಕು. ಬೀಟಾಫೈಟ್ ಮಾಮೂಲಿ ಆಮ್ಲಕ್ಕೆ ಜಗ್ಗುವುದಿಲ್ಲ. ಹೊಸ ಗುರಿಯಲ್ಲಿ ಬೀಟಾಫೈಟ್ 20-25% ಇದ್ದರೆ ಗ್ರೇಡ್ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಭಾಗ ಟೇಲಿಂಗ್ಸ್ ಪಾಲು.

ನೀರಿನ ಲೆಕ್ಕ ಮರೆಯಬೇಡಿ. ಅಲ್ಲಿ ಗಣಿ ನಡೆಯುವುದು ಕಡಲ ನೀರನ್ನು ಸಿಹಿ ಮಾಡಿ. ವ್ಲೊಟ್ಸ್ಕಾಸ್‌ಬಾಕನ್‌ನ ಘಟಕವನ್ನು ಫ್ರಾನ್ಸಿನ ಪರಮಾಣು ಕಂಪನಿ ಅರೆವಾ ಕಟ್ಟಿದ್ದು ಟ್ರೆಕ್ಕೊಪ್ಯೆಗಾಗಿ, ವರ್ಷಕ್ಕೆ 2 ಕೋಟಿ ಘನ ಮೀಟರ್ ಸಾಮರ್ಥ್ಯ. ಗಣಿ ನಿಂತಿತು, ನೀರಿನ ಘಟಕ ಉಳಿದು ಸುತ್ತಲಿನ ಗಣಿಗಳಿಗೆ ನೀರು ಕೊಡುತ್ತಿದೆ. ಆ ಗಣಿಯ ಮೂಲ ಕಂಪನಿ ಯುರಾಮಿನ್ ಅನ್ನು ಅರೆವಾ 2007ರಲ್ಲಿ ಸುಮಾರು 250 ಕೋಟಿ ಡಾಲರ್‌ಗೆ ಕೊಂಡು, ಕೆಲವೇ ವರ್ಷಗಳಲ್ಲಿ ಬಹುಪಾಲು ಮೌಲ್ಯವನ್ನು ಲೆಕ್ಕದಿಂದ ಅಳಿಸಬೇಕಾಯಿತು. ಕಡಿಮೆ ಗ್ರೇಡಿನ ಕ್ಯಾಲ್‌ಕ್ರೀಟ್‌ಗೆ ಬೆಲೆ ಕಟ್ಟುವವರು ಈ ಪ್ರಕರಣವನ್ನು ಮೇಜಿನ ಮೇಲೇ ಇಟ್ಟುಕೊಳ್ಳಬೇಕು.

---

ಉತ್ತರ 4: ಪರವಾನಗಿ_ಮೇಜು

ಒಂದು ವಿಷಯ ಯಾರೂ ಹೇಳಲಿಲ್ಲ: 19 ತಿಂಗಳು ಬಾಕಿ ಇರುವ ಪರವಾನಗಿಯ ಮೇಲೆ 4 ವರ್ಷದ ಅರ್ನ್-ಇನ್ ಬರೆದಿದ್ದಾರೆ. ನಮೀಬಿಯಾದ 1992ರ ಖನಿಜ ಕಾಯ್ದೆಯಲ್ಲಿ ಅನ್ವೇಷಣಾ ಪರವಾನಗಿಗೆ ಮೊದಲು 3 ವರ್ಷ, ಆಮೇಲೆ ಒಂದೊಂದು ನವೀಕರಣಕ್ಕೆ ಹೆಚ್ಚೆಂದರೆ 2 ವರ್ಷ. ನವೀಕರಣದ ಅರ್ಜಿ ಅವಧಿ ಮುಗಿಯುವ 90 ದಿನ ಮುಂಚೆ ಹೋಗಬೇಕು. ಅರ್ಜಿಯಲ್ಲಿ ಹಿಂದಿನ ಅವಧಿಯ ಕೆಲಸ ಮತ್ತು ಖರ್ಚು ತೋರಿಸಬೇಕು, ಅಂದರೆ 'ಬ' ಮೊದಲ ವರ್ಷ ಸುಮ್ಮನೆ ಕೂತರೆ ಪೆಟ್ಟು ಬೀಳುವುದು ಪರವಾನಗಿದಾರ 'ಅ'ಗೆ. ನವೀಕರಣ ಸಿಗದಿದ್ದರೆ ಯಾರು ಯಾರಿಗೆ ಏನು ಕೊಡಬೇಕು, ತಡವಾದರೆ ಅರ್ನ್-ಇನ್ ಗಡಿಯಾರ ನಿಲ್ಲುತ್ತದೋ ಓಡುತ್ತದೋ, ಎರಡನ್ನೂ ಬರೆಯಿರಿ. ನಿಕ್ಷೇಪ ಇದೆ ಆದರೆ ಸದ್ಯಕ್ಕೆ ಲಾಭವಿಲ್ಲ ಅನ್ನುವ ಸ್ಥಿತಿಗೆ ಅಲ್ಲಿ ನಿಕ್ಷೇಪ ಉಳಿಸಿಕೊಳ್ಳುವ ಬೇರೆ ಪರವಾನಗಿಯೇ ಇದೆ. ಅದಕ್ಕೆ ಯಾವಾಗ ಅರ್ಜಿ ಹಾಕಬೇಕೆಂಬ ತೀರ್ಮಾನ ಆಡಳಿತ ಸಮಿತಿಯ ಸರ್ವಾನುಮತದ ಪಟ್ಟಿಯಲ್ಲಿ ಇರಲಿ.

ಪರವಾನಗಿಯಲ್ಲಿನ ಹಕ್ಕು ವರ್ಗಾಯಿಸಲು ಸಚಿವರ ಲಿಖಿತ ಒಪ್ಪಿಗೆ ಬೇಕು. ಹಾಗಾಗಿ ಪರವಾನಗಿಯನ್ನು ಒಂದು ಪ್ರತ್ಯೇಕ ಕಂಪನಿಯಲ್ಲಿಟ್ಟು, ಪಾಲುದಾರರು ಆ ಕಂಪನಿಯ ಷೇರು ಹಿಡಿಯುವುದು ರೂಢಿ. ಹಾಗೆ ಮಾಡಿದರೂ ಪರವಾನಗಿಯ ಷರತ್ತುಗಳನ್ನೂ, ಸ್ಪರ್ಧಾ ಆಯೋಗದ ಒಪ್ಪಿಗೆಯನ್ನೂ ನೋಡಲೇಬೇಕು. 'ಬ' ಹಣ ಹಾಕಿ ಮುಗಿಸಿದ ಮೇಲೆ ಒಪ್ಪಿಗೆ ಬರದಿದ್ದರೆ ಏನು ಅನ್ನುವುದಕ್ಕೆ ಕರಡಿನಲ್ಲಿ ಉತ್ತರ ಇರಬೇಕು.

ಕೊರೆತಕ್ಕೆ ಪರಿಸರ ಅನುಮತಿ ಪತ್ರ ಬೇಕು, ಅದರ ಅವಧಿ ಗರಿಷ್ಠ 3 ವರ್ಷ. ಪರವಾನಗಿಯ ದಿನಾಂಕಕ್ಕೂ ಇದಕ್ಕೂ ಹೊಂದಿಕೆ ಇರುವುದಿಲ್ಲ, ರಿಗ್ ಬಂದು ನಿಂತ ಮೇಲೆ ಅನುಮತಿ ಮುಗಿದಿರುವುದು ತಿಳಿದರೆ ರಿಗ್‌ನ ನಿಂತ ದಿನದ ಬಾಡಿಗೆ ಕಟ್ಟಬೇಕಾಗುತ್ತದೆ. ಜಲ್ಲಿ ಬಯಲಿನ ಮೇಲೆ ಒಮ್ಮೆ ಲಾರಿ ಹೋದ ಗಾಲಿ ಗುರುತು ದಶಕಗಟ್ಟಲೆ ಉಳಿಯುತ್ತದೆ. ಕಲ್ಲುಹೂವಿನ ಪಟ್ಟಿ, ವೆಲ್ವಿಟ್ಷಿಯಾ ಗಿಡಗಳಿರುವ ಜಾಗ ಮೊದಲೇ ಗುರುತಿಸಿ, ಒಂದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಬರಬೇಕು, ಕೆಲಸ ಮುಗಿದ ಮೇಲೆ ಗುರುತನ್ನು ಹಲುಬೆಯಿಂದ ಎಳೆದು ಸರಿಪಡಿಸಬೇಕು. ಈ ಖರ್ಚು ಪ್ರತಿ ಬಜೆಟ್‌ನಲ್ಲೂ ಪ್ರತ್ಯೇಕ ಸಾಲಾಗಿ ಇರಲಿ; ಅರ್ನ್-ಇನ್ ಅರ್ಧಕ್ಕೆ ಬಿಟ್ಟುಹೋಗುವವರು ಬಿಡುವ ಮೊದಲ ಕೆಲಸ ಇದೇ.

ಉತ್ಪನ್ನದ ಪಾಲಿನ ಬಗ್ಗೆ ಒಂದು ಮಾತು. ಪೆಲಿಂಡಾಬಾ ಒಪ್ಪಂದ (ಆಫ್ರಿಕಾವನ್ನು ಅಣ್ವಸ್ತ್ರ ಮುಕ್ತ ವಲಯ ಮಾಡುವ ಒಪ್ಪಂದ) 2009ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ, ಅಣ್ವಸ್ತ್ರ ರಾಷ್ಟ್ರವೆಂದು ಮಾನ್ಯವಲ್ಲದ ಯಾವ ದೇಶಕ್ಕೂ ಅಲ್ಲಿ ಸಮಗ್ರ ಸುರಕ್ಷಾ ಒಪ್ಪಂದ (ಎಲ್ಲಾ ಪರಮಾಣು ಸಾಮಗ್ರಿಗೂ ಅಂತರರಾಷ್ಟ್ರೀಯ ತಪಾಸಣೆ) ಇಲ್ಲದೆ ಯುರೇನಿಯಂ ಕೊಡುವಂತಿಲ್ಲ. ಭಾರತ ಮತ್ತು ನಮೀಬಿಯಾ 2009ರಲ್ಲೇ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದರೂ ಪೂರೈಕೆಗೆ ತೊಡಕಾದದ್ದು ಇದೇ. 'ಬ' ತನ್ನ 51% ಉತ್ಪನ್ನವನ್ನು ಯಾವ ದೇಶಕ್ಕೆ ಒಯ್ಯುತ್ತದೆ ಅನ್ನುವುದನ್ನು ಒಪ್ಪಂದಕ್ಕೆ ಮುಂಚೆಯೇ ಕೇಳಿ.

ಮಾದರಿ ಸಾಗಣೆ: ವಿದೇಶದ ಲ್ಯಾಬ್‌ಗೆ ಕಳಿಸುವ ಮೊದಲು ರಾಷ್ಟ್ರೀಯ ವಿಕಿರಣ ರಕ್ಷಣಾ ಪ್ರಾಧಿಕಾರದ ಅನುಮತಿ ಬೇಕು. ನೈಸರ್ಗಿಕ ಅದಿರು ಗ್ರಾಮಿಗೆ 10 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಮೀರದಿದ್ದರೆ ವಿಕಿರಣ ಸರಕಿನ ಸಾಗಣೆ ನಿಯಮ ಅನ್ವಯಿಸುವುದಿಲ್ಲ, ಅಂದರೆ ಸುಮಾರು 800 ಪಿಪಿಎಂವರೆಗೆ.

---

ಗಾಮಾಲಾಗ್

ಪರವಾನಗಿ_ಮೇಜು ಅವರ ಕೊನೆಯ ಸಾಲಿಗೆ ಸಣ್ಣ ತಿದ್ದುಪಡಿ. ಆ 800 ಪಿಪಿಎಂ ಯುರೇನಿಯಂ ಲೋಹದ ಲೆಕ್ಕ, ಯು₃ಓ₈ ಲೆಕ್ಕ ಅಲ್ಲ. ಯು₃ಓ₈ಯಲ್ಲಿ ಯುರೇನಿಯಂ 84.8%, ಆದ್ದರಿಂದ ಮಿತಿ ಸುಮಾರು 940 ಪಿಪಿಎಂ ಯು₃ಓ₈. ಲ್ಯಾಬ್ ವರದಿ ಯುರೇನಿಯಂನಲ್ಲಿ, ಪ್ರೋಬ್ ವರದಿ ಯು₃ಓ₈ಯಲ್ಲಿ ಬರುವುದು ಮಾಮೂಲು.

ಎರೊಂಗೊ_ಕಡತ ಅವರೇ, ನಿಮ್ಮ 165ನ್ನೂ ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಅದು ಲ್ಯಾಬ್ ಕೊಟ್ಟ ಯುರೇನಿಯಂ ಸಂಖ್ಯೆಯಾಗಿದ್ದು ಯಾರೂ 1.179ರಿಂದ ಗುಣಿಸಿರದಿದ್ದರೆ, ಯು₃ಓ₈ ಲೆಕ್ಕದಲ್ಲಿ ಅದು 195 ಹತ್ತಿರ. ಆಗ 220ಕ್ಕೂ ಅದಕ್ಕೂ ಇರುವ ಅಂತರ 25% ಅಲ್ಲ, 11-12%. ಲ್ಯಾಬ್‌ನ ಮೂಲ ಪ್ರಮಾಣಪತ್ರ ತರಿಸಿಕೊಂಡು ಕಾಲಂನ ತಲೆಬರಹ ಓದಿ, ಆಮೇಲೆ ಡಬ್ಬಿಯ ಪರೀಕ್ಷೆಗೆ ಎಷ್ಟು ಮಾದರಿ ಅಂತ ತೀರ್ಮಾನಿಸೋಣ.